ಮಳೆ ಹಿಡಿಯುವ ಮೊದಲೇ ಫಾದರ್‌ಗೆ ಹೇಳಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಕೊಡಗಿನ ಬೇರೆ ಬೇರೆ ಕಥೋಲಿಕ ಧರ್ಮಕೇಂದ್ರಗಳಿಂದ (ಚರ್ಚುಗಳಿಂದ) ಬಂದ ಪತ್ರಗಳಲ್ಲಿ ಈ ಸಲ ಹೆಚ್ಚಿನವು ಒಂದೇ ವಿಷಯದ ಸುತ್ತ ತಿರುಗಿವೆ. ಮನೆಯಲ್ಲಿ ಹಾಸಿಗೆ ಹಿಡಿದವರು, ಅವರ ಕೊನೆಗಾಲ, ಅದನ್ನು ನೋಡುತ್ತಾ ನೆನಪಾಗುವ ನಮ್ಮದೇ ಕೊನೆಗಾಲ. ಬರೆದವರ ಹೆಸರು ಬಿಟ್ಟು ಊರು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ಅಮ್ಮನಿಗೆ 84 ವರ್ಷ. ಹೃದಯ ದುರ್ಬಲವಾಗಿದೆ, ಕಾಲು ಊದುತ್ತದೆ, ರಾತ್ರಿ ದಿಂಬು ಎತ್ತರಿಸಿ ಮಲಗಿಸುತ್ತೇವೆ. ಮಾತು, ನೆನಪು ಚೆನ್ನಾಗಿವೆ. ಫಾದರ್ ಅವರನ್ನು ಕರೆಸೋಣ ಎಂದರೆ ಅಣ್ಣ, “ಈಗಲೇ ಕರೆಸಿದರೆ ಅಮ್ಮ ಹೆದರಿಬಿಡ್ತಾರೆ, ಸಮಯ ಬಂದಾಗ ನೋಡೋಣ” ಅನ್ನುತ್ತಾರೆ. ಆ ಸಮಯ ಯಾವುದು ಗುರುಗಳೇ? (ಸುಂಟಿಕೊಪ್ಪ)

ಉತ್ತರ: ಆ ಸಮಯ ಬಂದಾಗಿದೆ. ಕಾಯಿಲೆಯಿಂದಲೋ ಮುಪ್ಪಿನಿಂದಲೋ ಜೀವಕ್ಕೆ ಅಪಾಯ ಶುರುವಾದಾಗಲೇ ರೋಗಿಗಳ ತೈಲಲೇಪನ (ಗುರುಗಳು ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ) ಕೊಡಬಹುದು ಎಂಬುದು ಧರ್ಮಸಭೆಯ ನಿಯಮ. ಉಸಿರು ಎಳೆಯುವವರೆಗೆ ಕಾಯಬೇಕೆಂದು ಎಲ್ಲೂ ಇಲ್ಲ. ನಿಮ್ಮ ಅಣ್ಣನ ಭಯ ಹುಟ್ಟಿದ್ದು ‘ಅಂತಿಮ ಅಭ್ಯಂಗ’ ಎಂಬ ಹಳೆಯ ಹೆಸರಿನಿಂದ. ರೋಗಿಗಳ ತೈಲಲೇಪನ ಎನ್ನುವುದೇ ಹೆಚ್ಚು ಸರಿ ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿತು. 1972ರಲ್ಲಿ ಪೋಪ್ ಆರನೇ ಪೌಲರು ವಿಧಿಯನ್ನೂ ಪರಿಷ್ಕರಿಸಿದರು. ಇಷ್ಟು ವರ್ಷ ಕಳೆದರೂ ಫಾದರ್ ಎಣ್ಣೆ ಹಿಡಿದು ಬಂದರೆಂದರೆ ಪಕ್ಕದ ಮನೆಯವರು ಶವಪೆಟ್ಟಿಗೆ ಲೆಕ್ಕ ಹಾಕುವುದು ನಿಂತಿಲ್ಲ, ಏನು ಮಾಡುವುದು!

ಇದು ಒಂದೇ ಸಲ ಸಿಗುವ ಸಂಸ್ಕಾರವೂ ಅಲ್ಲ. ಅಮ್ಮ ಚೇತರಿಸಿಕೊಂಡು ಮತ್ತೆ ಕಾಯಿಲೆ ಬಿದ್ದರೆ, ಅಥವಾ ಇದೇ ಕಾಯಿಲೆ ಬಿಗಡಾಯಿಸಿದರೆ ಮತ್ತೆ ಪಡೆಯಬಹುದು. ದೊಡ್ಡ ಆಪರೇಷನ್‌ಗೆ ಮೊದಲು ಕೂಡ ಪಡೆಯಬಹುದು.

ತಡ ಮಾಡಿದರೆ ಕಳೆದುಹೋಗುವುದು ಏನು ಅನ್ನುವುದನ್ನು ಅಣ್ಣನಿಗೆ ಹೇಳಿ. ಪ್ರಜ್ಞೆ ಇಲ್ಲದವರಿಗೂ ತೈಲಲೇಪನ ಮಾಡಬಹುದು. ಎಚ್ಚರವಿದ್ದಾಗ ಅವರು ಇದನ್ನು ಬಯಸುತ್ತಿದ್ದರು ಎಂದು ತಿಳಿದಿದ್ದರೆ ಸಾಕು. ಆದರೆ ಪಾಪನಿವೇದನೆಗೆ ಮಾತು ಬೇಕು, ಕೊನೇ ಪಕ್ಷ ಸನ್ನೆಯಾದರೂ ಬೇಕು. ಪರಮಪ್ರಸಾದಕ್ಕೆ, ಅಂದರೆ ಪೂಜೆಯಲ್ಲಿ ಪವಿತ್ರಗೊಂಡ ರೊಟ್ಟಿಗೆ, ನುಂಗುವ ಶಕ್ತಿ ಬೇಕು. ಸಾಯುವವರಿಗೆ ಕೊಡುವ ಪರಮಪ್ರಸಾದಕ್ಕೆ ಲ್ಯಾಟಿನ್‌ನಲ್ಲಿ ವಿಯಾಟಿಕಮ್ ಅನ್ನುತ್ತಾರೆ, ಅಂದರೆ ದಾರಿಬುತ್ತಿ. ಪ್ರಯಾಣ ಹೊರಟವರ ಕೈಗೆ ಬುತ್ತಿ ಕೊಡುವುದನ್ನೇ ಮರೆತು, ಹೊರಟ ಮೇಲೆ ಹಣೆಗೆ ಎಣ್ಣೆ ಹಚ್ಚಿದ ಹಾಗಾಗುತ್ತದೆ ನಮ್ಮ ಮನೆಗಳಲ್ಲಿ ನಡೆಯುವುದು.

ನಮ್ಮ ಜಿಲ್ಲೆಗೆ ಇನ್ನೊಂದು ಕಾರಣವಿದೆ. ಜೂನ್ ಕಳೆದ ಮೇಲೆ ಮರ ಬಿದ್ದು ತೋಟದ ರಸ್ತೆ ಮುಚ್ಚುತ್ತದೆ, ಕರೆಂಟ್ ಹೋದರೆ ಹಿಂದೆಯೇ ಟವರ್ ಕೂಡ ಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಊರು ಊರುಗಳೇ ದ್ವೀಪವಾದದ್ದು ಯಾರಿಗೂ ಮರೆತಿಲ್ಲ. ಹಾಸಿಗೆ ಹಿಡಿದವರಿರುವ ಮನೆಯವರು ಮೇ ತಿಂಗಳಲ್ಲೇ ಧರ್ಮಕೇಂದ್ರಕ್ಕೆ ತಿಳಿಸಿಬಿಡಿ. ನಿಮ್ಮ ಫಾದರ್ ನಂಬರಿನ ಜೊತೆ ಪಕ್ಕದ ಧರ್ಮಕೇಂದ್ರದ ನಂಬರನ್ನೂ ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಿ. ಒಬ್ಬರ ಮೊಬೈಲ್‌ನಲ್ಲಿ ಮಾತ್ರ ಇದ್ದು, ಆ ಒಬ್ಬರು ಕುಶಾಲನಗರಕ್ಕೆ ಹೋಗಿರುವ ದಿನವೇ ಬೇಕಾಗುತ್ತದೆ.

ಫಾದರ್ ಬರುವ ದಿನಕ್ಕೆ ತಯಾರಿ ಹೆಚ್ಚೇನಿಲ್ಲ. ಹಾಸಿಗೆಯಲ್ಲಿ ಮಲಗಿದ್ದವರಿಗೆ ಕಾಣುವಂತೆ ಒಂದು ಸಣ್ಣ ಮೇಜು, ಮೇಲೆ ಬಿಳಿ ಬಟ್ಟೆ, ಶಿಲುಬೆ, ಎರಡು ಮೇಣದಬತ್ತಿ, ಪವಿತ್ರ ಜಲ, ಒಂದು ಲೋಟ ಕುಡಿಯುವ ನೀರು, ಚಮಚ, ಸ್ವಲ್ಪ ಹತ್ತಿ. ಆಕ್ಸಿಜನ್ ಹಾಕಿದ್ದರೆ ಮೇಣದಬತ್ತಿ ಹಚ್ಚಲೇಬೇಡಿ, ಶಿಲುಬೆಯೊಂದೇ ಸಾಕು. ಟಿವಿ ಆರಿಸಿ. ನೋವಿನ ಮಾತ್ರೆ ಕೊಡುವುದಿದ್ದರೆ ಅದು ಕೆಲಸ ಮಾಡಿ ನೋವು ತಗ್ಗಿರುವ, ಆದರೆ ಮಂಪರು ಹತ್ತದಿರುವ ಹೊತ್ತು ನೋಡಿ ಫಾದರ್‌ಗೆ ಸಮಯ ಹೇಳಿ. ಊಟದ ಚಿಂತೆ ಬೇಡ. ಪರಮಪ್ರಸಾದಕ್ಕೆ ಮೊದಲಿನ ಒಂದು ಗಂಟೆಯ ಉಪವಾಸ ವಯಸ್ಸಾದವರಿಗೂ ರೋಗಿಗಳಿಗೂ ಇಲ್ಲ, ಅವರನ್ನು ನೋಡಿಕೊಳ್ಳುವ ನಿಮಗೂ ಇಲ್ಲ.

ಫಾದರ್ ಮೊದಲು ಎಲ್ಲರನ್ನೂ ಹೊರಗೆ ಕಳಿಸಿ ಪಾಪನಿವೇದನೆ ಕೇಳುತ್ತಾರೆ. ಆಗ ಬಾಗಿಲ ಹತ್ತಿರ ನಿಲ್ಲಬೇಡಿ. ಕಿವಿ ಮಂದವಾದವರು ಜೋರಾಗಿ ಮಾತಾಡುತ್ತಾರೆ, ಅಂಗಳಕ್ಕೇ ಹೋಗಿ. ಆಮೇಲೆ ಎಲ್ಲರೂ ಒಳಬಂದ ಮೇಲೆ ಶುಭಸಂದೇಶದ ಒಂದು ಸಣ್ಣ ವಾಚನ, ಬಿನ್ನಹ. ಫಾದರ್ ಮೌನವಾಗಿ ತಲೆಯ ಮೇಲೆ ಕೈಯಿಡುತ್ತಾರೆ. ಈ ಮೌನದಲ್ಲಿ ಯಾರಾದರೂ ಗಾಬರಿಯಾಗಿ ಗೀತೆ ಎತ್ತುವುದುಂಟು, ಬೇಡ. ಬಳಿಕ ಹಣೆಗೂ ಎರಡೂ ಕೈಗಳಿಗೂ ಎಣ್ಣೆ. ಧರ್ಮಾಧ್ಯಕ್ಷರು (ಬಿಷಪ್) ಪವಿತ್ರ ವಾರದ ಹೊತ್ತಿಗೆ ಪವಿತ್ರೀಕರಿಸುವ ಆಲಿವ್ ಎಣ್ಣೆಯೋ ಬೇರೆ ಸಸ್ಯದ ಎಣ್ಣೆಯೋ ಅದು. ಮನೆಯ ಎಣ್ಣೆ ಇಡಬೇಕಾಗಿಲ್ಲ. ಕೊನೆಗೆ ಪರಲೋಕ ಮಂತ್ರ (ಯೇಸು ಕಲಿಸಿದ ಪ್ರಾರ್ಥನೆ), ಪರಮಪ್ರಸಾದ. ಅಮ್ಮನಿಗೆ ನುಂಗುವುದು ಕಷ್ಟವಾಗಿದ್ದರೆ ಮೊದಲೇ ಹೇಳಿಬಿಡಿ. ಚೂರು ಮಾತ್ರ ಕೊಟ್ಟು ಚಮಚದಲ್ಲಿ ನೀರು ಕೊಡುತ್ತಾರೆ. ಮೂಗಿಗೆ ನಳಿಕೆ ಹಾಕಿದ್ದು ಬಾಯಿಂದ ಏನೂ ಕೊಡಬಾರದು ಎಂದು ಡಾಕ್ಟರ್ ಹೇಳಿದ್ದರೆ ಅದನ್ನು ಮುಚ್ಚಿಡಬೇಡಿ. ಎಲ್ಲ ಸೇರಿ ಅರ್ಧ ಗಂಟೆಯೂ ಹಿಡಿಯುವುದಿಲ್ಲ.

ಅಮ್ಮನಿಗೆ ಹೇಗೆ ಹೇಳುವುದು ಎನ್ನುತ್ತೀರಾ? “ಫಾದರ್ ಬಂದು ನಿಮಗೆ ಪ್ರಾರ್ಥನೆ ಮಾಡಿ ಪ್ರಸಾದ ಕೊಡ್ತಾರೆ, ಬರಲಾ ಅಂತ ಕೇಳ್ತಿದ್ದಾರೆ” ಅನ್ನಿ. ಸಾಮಾನ್ಯವಾಗಿ ಮುದುಕರು ಇದಕ್ಕೇ ಕಾಯುತ್ತಿರುತ್ತಾರೆ. ಹೆದರುವವರು ಮಕ್ಕಳು.

ಪ್ರಶ್ನೆ: ನಮ್ಮದು ತೋಟದೊಳಗಿನ ಮನೆ, ಮುಖ್ಯರಸ್ತೆಗೆ ಏಳು ಕಿ.ಮೀ. ಫಾದರ್ ತಲುಪುವ ಮೊದಲೇ ಜೀವ ಹೋಗುವಂತಿದ್ದರೆ ಮನೆಯವರು ಏನು ಮಾಡಬೇಕು? ನಾವೇ ಎಣ್ಣೆ ಹಚ್ಚಬಹುದೇ? (ಸಿದ್ದಾಪುರ)

ಉತ್ತರ: ಎಣ್ಣೆ ಬೇಡ. ಆ ಸಂಸ್ಕಾರ ಗುರುಗಳಿಂದ ಮಾತ್ರ ಆಗುವಂಥದ್ದು. ವೇಳಾಂಕಣಿಯಿಂದ ತಂದ ಎಣ್ಣೆ ಭಕ್ತಿಗೆ ಸರಿ, ಸಂಸ್ಕಾರಕ್ಕೆ ಬದಲಿ ಅಲ್ಲ. ಧರ್ಮಕೇಂದ್ರದಲ್ಲಿ ಪರಮಪ್ರಸಾದ ಹಂಚಲು ಅನುಮತಿ ಪಡೆದ ಸಿಸ್ಟರ್ ಅಥವಾ ಹಿರಿಯರು ಹತ್ತಿರದಲ್ಲಿದ್ದರೆ ಅವರು ದಾರಿಬುತ್ತಿಯನ್ನು ತರಬಹುದು. ಅದನ್ನು ಮೊದಲೇ ವಿಚಾರಿಸಿಡಿ.

ಯಾರೂ ಬರಲಾಗದಿದ್ದರೆ ಆ ಮನೆ ಕೈಬಿಟ್ಟ ಮನೆಯಲ್ಲ. ಬದುಕಿದ್ದಾಗ ಏನಾದರೊಂದು ಪ್ರಾರ್ಥನೆ ರೂಢಿಯಲ್ಲಿ ಹೇಳಿಕೊಂಡು ಬಂದವರಿಗೆ, ಗುರುಗಳು ಸಿಗದ ಮರಣ ಸಮಯದಲ್ಲಿ, ಮನಸ್ಸು ತಕ್ಕಂತಿದ್ದರೆ ಧರ್ಮಸಭೆಯೇ ಪೂರ್ಣ ದಂಡವಿಮೋಚನೆ (ಕ್ಷಮೆ ಸಿಕ್ಕ ಪಾಪಗಳಿಗೆ ಉಳಿದ ದಂಡನೆಯ ಪೂರ್ತಿ ಮನ್ನಾ) ಕೊಡುತ್ತದೆ. ಆಗ ಕೈಯಲ್ಲಿ ಶಿಲುಬೆ ಹಿಡಿಸುವುದು ಒಳ್ಳೆಯದು ಎನ್ನುತ್ತದೆ.

ಒಬ್ಬರು ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳಿ. ಕಿವಿಯ ಹತ್ತಿರ, ನಿಧಾನವಾಗಿ, ಅವರು ಚಿಕ್ಕಂದಿನಲ್ಲಿ ಕಲಿತ ಭಾಷೆಯಲ್ಲೇ ಹೇಳಿ. ಕೊಂಕಣಿಯಲ್ಲೋ ತಮಿಳಿನಲ್ಲೋ ಮಲಯಾಳದಲ್ಲೋ ನಮೋ ಮರಿಯ ಪ್ರಾರ್ಥನೆ ಕಲಿತವರಿಗೆ ಆ ಗಳಿಗೆಯಲ್ಲಿ ಶುದ್ಧ ಕನ್ನಡದ ಉದ್ದ ಪ್ರಾರ್ಥನೆ ಹತ್ತುವುದಿಲ್ಲ. ಪ್ರಜ್ಞೆ ಇಲ್ಲದಂತೆ ಕಂಡರೂ ಕೇಳಿಸುತ್ತಿರಬಹುದು, ಆದ್ದರಿಂದ ಹಾಸಿಗೆಯ ಪಕ್ಕ ಆಸ್ಪತ್ರೆ ಬಿಲ್ಲು, ಪಾಲಿನ ಮಾತು ಬೇಡ. ಮೊದಲು ದೇವರಲ್ಲಿ ಕ್ಷಮೆ ಕೇಳುವ ಮಾತು: “ಯೇಸುವೇ, ನನ್ನ ಪಾಪಗಳಿಗಾಗಿ ದುಃಖಪಡುತ್ತೇನೆ, ನಿಮ್ಮನ್ನು ಪ್ರೀತಿಸುತ್ತೇನೆ.” ಆಮೇಲೆ 31ನೇ ಕೀರ್ತನೆಯಲ್ಲಿರುವ, ಶಿಲುಬೆಯ ಮೇಲೆ ಯೇಸುವೂ ಹೇಳಿದ ಸಾಲು: ನಿಮ್ಮ ಕೈಗೆ ನನ್ನ ಆತ್ಮವನ್ನು ಒಪ್ಪಿಸುತ್ತೇನೆ. ಒಂದೆರಡು ಸಾಲು, ನಡುವೆ ಬಿಡುವು, ಮತ್ತೆ ಅದೇ ಸಾಲು. ಉಳಿದವರು ಜಪಸರ ಹೇಳುವುದಿದ್ದರೆ ಮೆಲ್ಲಗೆ.

ಹದಿನೈದನೇ ಶತಮಾನದ ಯುರೋಪಿನಲ್ಲಿ ಪ್ಲೇಗಿನ ನೆನಪು ಇನ್ನೂ ಹಸಿಯಾಗಿದ್ದಾಗ, ಗುರುಗಳಿಲ್ಲದ ಮನೆಗಳಿಗಾಗಿಯೇ ಸಣ್ಣ ಕೈಪಿಡಿಗಳು ಬಂದವು. ಸಾಯುವವರನ್ನು ಐದು ಶೋಧನೆಗಳು (ಮನಸ್ಸನ್ನು ದಾರಿ ತಪ್ಪಿಸುವ ಸೆಳೆತಗಳು) ಕಾಡುತ್ತವೆ ಎಂದು ಅವು ಹೇಳುತ್ತವೆ: ವಿಶ್ವಾಸ ಕುಂದುವುದು, ನಿರಾಶೆ, ಅಸಹನೆ, ‘ನಾನು ಒಳ್ಳೆಯವನು’ ಎಂಬ ಹೆಮ್ಮೆ, ಆಸ್ತಿ ಸಂಸಾರದ ಮೇಲಿನ ಬಿಡಲಾರದ ಹಿಡಿತ. ಇಂದಿಗೂ ಈ ಪಟ್ಟಿ ಉಪಯೋಗಕ್ಕೆ ಬರುತ್ತದೆ. ರೋಗಿ ಸಿಡುಕಿದರೆ ಅದು ಅಸಹನೆಯ ಶೋಧನೆ ಎಂದು ತಿಳಿದು ನೀವು ತಿರುಗಿ ಸಿಡುಕದಿರಿ. “ದೇವರು ನನ್ನನ್ನು ಕ್ಷಮಿಸಲಾರ” ಅಂದರೆ ವಾದಕ್ಕಿಳಿಯದೆ ಶಿಲುಬೆಯ ಮೇಲಿನ ಕಳ್ಳನ ಭಾಗ ಓದಿ, ಲೂಕ 23ನೇ ಅಧ್ಯಾಯ. “ತೋಟ ಏನಾಗುತ್ತೋ” ಅನ್ನುತ್ತಿದ್ದರೆ “ನಾವು ನೋಡಿಕೊಳ್ತೇವೆ, ನೀವು ಹೊರಡಿ” ಎಂದು ಹೇಳುವ ಧೈರ್ಯ ಒಬ್ಬರಿಗಾದರೂ ಇರಲಿ.

ದೀಕ್ಷಾಸ್ನಾನ ಆಗದವರು ಅದನ್ನು ಬಯಸಿ ಸಾಯುವ ಸ್ಥಿತಿಯಲ್ಲಿದ್ದರೆ ಮಾತ್ರ ಯಾರು ಬೇಕಾದರೂ ಕೊಡಬಹುದು: ಹೆಸರು ಹಿಡಿದು, ಪಿತನ, ಸುತನ, ಪವಿತ್ರಾತ್ಮರ ಹೆಸರಿನಲ್ಲಿ ದೀಕ್ಷಾಸ್ನಾನ ಕೊಡುತ್ತೇನೆ ಎನ್ನುತ್ತಾ ತಲೆಯ ಮೇಲೆ ಮೂರು ಸಲ ನೀರು ಹರಿಯುವಂತೆ ಹೊಯ್ಯಿರಿ. ಬಳಿಕ ಧರ್ಮಕೇಂದ್ರಕ್ಕೆ ತಿಳಿಸಿ ದಾಖಲಿಸಿ.

ಉಸಿರು ನಿಂತಿದೆಯೋ ಇಲ್ಲವೋ ಎಂಬ ಸಂದೇಹದಲ್ಲಿ ಫಾದರ್ ತಲುಪಿದರೆ ಅವರು ತೈಲಲೇಪನ ಮಾಡಬಹುದು. ಸತ್ತದ್ದು ಖಚಿತವಾದರೆ ಮಾಡುವುದಿಲ್ಲ, ಆತ್ಮಕ್ಕಾಗಿ ಪ್ರಾರ್ಥಿಸುತ್ತಾರೆ. ಆಗ ಅವರೊಡನೆ ಜಗಳಕ್ಕೆ ನಿಲ್ಲಬೇಡಿ.

ಪ್ರಶ್ನೆ: ನನಗೆ 52, ಆರೋಗ್ಯ ಗಟ್ಟಿಯಿದೆ. ಒಳ್ಳೆಯ ಮರಣಕ್ಕೆ ಸಿದ್ಧರಾಗಿರಿ ಎಂದು ಚರ್ಚಿನ ಪ್ರಸಂಗದಲ್ಲಿ ಕೇಳುತ್ತೇವೆ. ದಿನಾ ಕಾಫಿ ತೋಟ, ಆಳು, ಲೆಕ್ಕ ಇವುಗಳ ನಡುವೆ ಏನು ಮಾಡಬೇಕು, ಸ್ಪಷ್ಟವಾಗಿ ಹೇಳಿ. (ಪೊಲ್ಲಿಬೆಟ್ಟ)

ಉತ್ತರ: ರಾತ್ರಿ ಹತ್ತು ನಿಮಿಷ ಆತ್ಮಪರಿಶೋಧನೆಯಿಂದ ಶುರು ಮಾಡಿ. ಲೊಯೋಲದ ಸಂತ ಇಗ್ನಾಸಿಯವರು ಕಲಿಸಿದ ಕ್ರಮ ಇದು. ಮೊದಲು ದಿನದಲ್ಲಿ ಸಿಕ್ಕಿದ್ದಕ್ಕೆ ವಂದನೆ, ಆಮೇಲೆ ಸರಿಯಾಗಿ ನೋಡಲು ಬೆಳಕು ಕೊಡಿ ಎಂಬ ಬೇಡಿಕೆ, ಬೆಳಿಗ್ಗೆಯಿಂದ ಗಂಟೆ ಗಂಟೆಯಾಗಿ ದಿನವನ್ನು ನೆನೆಯುವುದು, ತಪ್ಪಿಗೆ ಪಶ್ಚಾತ್ತಾಪ, ನಾಳೆಗೆ ಒಂದು ನಿರ್ಧಾರ, ಒಂದೇ. ಹಾಸಿಗೆಯಲ್ಲಿ ಮಲಗಿ ಮಾಡಿದರೆ ಎರಡನೇ ಹಂತದಲ್ಲೇ ಗೊರಕೆ ಬರುತ್ತದೆ. ಕುರ್ಚಿಯಲ್ಲಿ ಕೂತು ಮಾಡಿ. ವಂದನೆಯನ್ನು ಬಿಟ್ಟು ನೇರ ತಪ್ಪಿನ ಪಟ್ಟಿಗೆ ಹೋದವರು ಎರಡು ವಾರದಲ್ಲಿ ಬೇಸತ್ತು ಬಿಡುತ್ತಾರೆ.

ತಿಂಗಳಿಗೊಮ್ಮೆ ಪಾಪನಿವೇದನೆ. ಮೊದಲ ಶುಕ್ರವಾರ ಅಂತ ಇಟ್ಟುಕೊಂಡರೆ ಮರೆಯುವುದಿಲ್ಲ. ವರ್ಷಕ್ಕೊಮ್ಮೆ ಪಾಸ್ಕದ (ಈಸ್ಟರ್) ಮುನ್ನಾ ವಾರ ಉದ್ದ ಸಾಲಿನಲ್ಲಿ ನಿಂತು ಹೇಳುವುದು ನಿಯಮ ಪಾಲಿಸಿದಂತಾಗುತ್ತದೆ ನಿಜ, ಹನ್ನೊಂದು ತಿಂಗಳ ಹಿಂದಿನದು ನೆನಪಿರಬೇಕಲ್ಲ. ಮನೆಯಲ್ಲಿ ಜಪಸರ ಇದ್ದರೆ ನೀವು ಆಗಲೇ ಅರ್ಧ ದಾರಿಯಲ್ಲಿದ್ದೀರಿ: ಐದು ರಹಸ್ಯಗಳ ಒಂದು ಜಪಸರದಲ್ಲಿ 53 ಸಲ ನಮೋ ಮರಿಯ, ಅಂದರೆ ನಮ್ಮ ಮರಣದ ಗಳಿಗೆಯಲ್ಲಿ ಪ್ರಾರ್ಥಿಸು ಎಂದು 53 ಸಲ ಕೇಳಿಕೊಂಡಂತೆ. ಒಳ್ಳೆಯ ಮರಣದ ಪಾಲಕ ಸಂತ ಜೋಸೆಫರ ಹಬ್ಬ ಮಾರ್ಚ್ 19. ಕಾಫಿ ಕೊಯ್ಲು ಮುಗಿದು ತೋಟ ಸ್ವಲ್ಪ ಉಸಿರಾಡುವ ಸಮಯ. ಆ ದಿನವನ್ನು ವಾರ್ಷಿಕ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಲೆಕ್ಕ ಎಂದೆವು, ಅದು ಬರೀ ಆತ್ಮದ್ದಲ್ಲ. ರೋಗಿಗಳಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿ ಎಂಬ ಮಾತು ಇರುವುದು ಯಕೋಬನ ಪತ್ರದ 5ನೇ ಅಧ್ಯಾಯದ 14ನೇ ವಚನದಲ್ಲಿ. ಅದೇ ಅಧ್ಯಾಯದ 4ನೇ ವಚನ ಯಾರೂ ಓದುವುದಿಲ್ಲ: ಹೊಲ ಕೊಯ್ದವರ ತಡೆಹಿಡಿದ ಕೂಲಿ ಕೂಗುತ್ತಿದೆ ಎನ್ನುತ್ತದೆ ಅದು. ತೋಟದ ಆಳುಗಳಾದ ಲೈನ್ ಮನೆಯವರ ಬಾಕಿ, ಹಿಂದಿರುಗಿಸದ ಕೈಸಾಲ, ತಮ್ಮನ ಪಾಲಿನಲ್ಲಿ ಸರಿಸಿದ ಬೇಲಿ, ಇವೆಲ್ಲ ಮರಣದ ತಯಾರಿಯ ಪಟ್ಟಿಯಲ್ಲೇ ಬರುತ್ತವೆ. ಪಾಪನಿವೇದನೆಯಲ್ಲಿ ಕ್ಷಮೆ ಸಿಕ್ಕಿತೆಂದು ಕದ್ದ ಬೇಲಿ ನಿಮ್ಮದಾಗುವುದಿಲ್ಲ, ಹಿಂದೆ ಸರಿಸಬೇಕು. ಮಾತು ಬಿಟ್ಟ ಅಣ್ಣತಮ್ಮಂದಿರು ಶವಪೆಟ್ಟಿಗೆಯ ಮುಂದೆ ಅತ್ತು ರಾಜಿಯಾಗುವುದನ್ನು ಎಲ್ಲರೂ ನೋಡಿದ್ದೇವೆ. ಪೆಟ್ಟಿಗೆಯೊಳಗಿದ್ದವರಿಗೆ ಅದು ಕೇಳಿಸಿತೇ?

ವಿಲ್ ಬರೆದಿಡಿ. ಇಬ್ಬರು ಸಾಕ್ಷಿಗಳು ಬೇಕು, ಅವರಿಗಾಗಲಿ ಅವರ ಗಂಡ ಹೆಂಡತಿಗಾಗಲಿ ವಿಲ್‌ನಿಂದ ಏನೂ ಸಿಗುವಂತಿರಬಾರದು. ದಾನಧರ್ಮಕ್ಕೆ ಆಸ್ತಿ ಬರೆಯಲು ಕ್ರೈಸ್ತರಿಗಿದ್ದ ಹಳೆಯ ಅಡ್ಡಿಯನ್ನು ಸುಪ್ರೀಂ ಕೋರ್ಟ್ 2003ರಲ್ಲಿ ತೆಗೆದುಹಾಕಿದೆ. ಜಮ್ಮಾ ಜಾಗದ (ಕೊಡಗಿನ ಹಳೆಯ ವಂಶಪಾರಂಪರ್ಯ ಹಿಡುವಳಿ) ಗೊಂದಲವಿದ್ದರೆ ಇಲ್ಲಿನ ವಕೀಲರನ್ನೇ ಕೇಳಿ. ವಿಲ್, ದೀಕ್ಷಾಸ್ನಾನ ಮತ್ತು ಮದುವೆಯ ಪತ್ರ, ಕುಟುಂಬದ ಸಮಾಧಿಯ ವಿವರ ಒಂದೇ ಫೈಲಿನಲ್ಲಿರಲಿ, ಎಲ್ಲಿದೆ ಎಂಬುದು ಇಬ್ಬರಿಗೆ ಗೊತ್ತಿರಲಿ.

ಪ್ರಶ್ನೆ: ಅಪ್ಪ ಮೈಸೂರಿನ ಆಸ್ಪತ್ರೆಯೊಂದರಲ್ಲಿ ವೆಂಟಿಲೇಟರ್ ಮೇಲಿದ್ದಾರೆ. ಇನ್ನು ಪ್ರಯೋಜನವಿಲ್ಲ ಎಂದು ಡಾಕ್ಟರ್ ಹೇಳುತ್ತಿದ್ದಾರೆ. ತೆಗೆಯಲು ಒಪ್ಪಿದರೆ ಪಾಪವೇ? (ಮಡಿಕೇರಿ)

ಉತ್ತರ: ಸಾಯಿಸುವುದು ಬೇರೆ, ಸಾವನ್ನು ಒಪ್ಪಿಕೊಳ್ಳುವುದು ಬೇರೆ. ರೋಗಿಗೆ ಬರುವ ಫಲಕ್ಕಿಂತ ಭಾರವೇ ಹೆಚ್ಚಾದ, ಅಸಾಧಾರಣ ಚಿಕಿತ್ಸೆಯನ್ನು ಬೇಡವೆನ್ನಬಹುದು ಎಂದು ಪೋಪ್ ಹನ್ನೆರಡನೇ ಪಯಸ್ 1957ರಲ್ಲೇ ವೈದ್ಯರಿಗೆ ಹೇಳಿದ್ದರು. ಇಂದಿನ ಧರ್ಮೋಪದೇಶವೂ ಅದೇ. ಸಾಯಲೆಂದು ಇಂಜೆಕ್ಷನ್ ಕೊಡುವುದಕ್ಕೆ ಮಾತ್ರ ಯಾವತ್ತೂ ಒಪ್ಪಿಗೆಯಿಲ್ಲ. ನೋವಿಗೆ ಮಾರ್ಫಿನ್ ಕೊಡಬಹುದು, ಅದರಿಂದ ಆಯುಷ್ಯ ಸ್ವಲ್ಪ ಕುಗ್ಗಬಹುದೆಂಬ ಶಂಕೆಯಿದ್ದರೂ. ಉದ್ದೇಶ ನೋವು ತಗ್ಗಿಸುವುದಾಗಿರಬೇಕು. ನಳಿಕೆಯ ಮೂಲಕವಾದರೂ ಆಹಾರ ನೀರನ್ನು ದೇಹ ತೆಗೆದುಕೊಳ್ಳುವ ತನಕ ಕೊಡಬೇಕು, ಅದು ಸಾಧಾರಣ ಆರೈಕೆ.

ಕಾನೂನಿನ ಕಡೆಯಿಂದ, ಸುಪ್ರೀಂ ಕೋರ್ಟ್ 2018ರಲ್ಲಿ ಇಂಥ ಯಂತ್ರ ತೆಗೆಯುವುದಕ್ಕೆ ಅವಕಾಶ ಕೊಟ್ಟು 2023ರಲ್ಲಿ ಕ್ರಮವನ್ನು ಸರಳ ಮಾಡಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಮನೆಯವರ ಸಮ್ಮತಿ ಬೇಕು. ಯಂತ್ರ ತೆಗೆಯುವ ಮೊದಲು ಆಸ್ಪತ್ರೆಯ ಹತ್ತಿರದ ಧರ್ಮಕೇಂದ್ರದ ಫಾದರ್ ಅವರನ್ನು ಕರೆಸಿ, ಮಡಿಕೇರಿಯಿಂದಲೇ ಬರಬೇಕೆಂದಿಲ್ಲ. ಐ.ಸಿ.ಯು.ನಲ್ಲಿ ಕೆಲವೇ ನಿಮಿಷ ಬಿಡುತ್ತಾರೆ, ಹಣೆಗೂ ಕೈಗೂ ಎಣ್ಣೆ ಹಚ್ಚಲು ಅಷ್ಟು ಸಾಕು. ಕೈಗೆ ಸೂಜಿ, ಪಟ್ಟಿ ಇದ್ದರೆ ಹಣೆಗೆ ಮಾತ್ರವೂ ಆಗುತ್ತದೆ.

ಪ್ರಶ್ನೆ: ಸುಟ್ಟರೆ ತಪ್ಪೇ? ಬೂದಿಯನ್ನು ಭಾಗಮಂಡಲದಲ್ಲಿ ಬಿಡಬೇಕೆಂದು ಮಾವನ ಆಸೆ. (ನಾಪೋಕ್ಲು)

ಉತ್ತರ: ಸುಡಲು 1963ರಿಂದ ಅನುಮತಿಯಿದೆ, ಪುನರುತ್ಥಾನವನ್ನು ನಿರಾಕರಿಸುವ ಉದ್ದೇಶ ಇರಬಾರದು ಅಷ್ಟೇ. ಹೂಳುವುದನ್ನೇ ಧರ್ಮಸಭೆ ಹೆಚ್ಚು ಇಷ್ಟಪಡುತ್ತದೆ. ಬೂದಿಯನ್ನು ನೀರಿಗೆ, ಗಾಳಿಗೆ, ತೋಟಕ್ಕೆ ಚೆಲ್ಲುವಂತಿಲ್ಲ, ಮನೆಯ ಷೋಕೇಸಿನಲ್ಲಿ ಇಡುವಂತಿಲ್ಲ ಎಂದು ವ್ಯಾಟಿಕನ್‌ನ 2016ರ ಸೂಚನೆ ಹೇಳುತ್ತದೆ. ಸಿಮೆಟ್ರಿಯಲ್ಲಿ ಹೂಳಬೇಕು. ಕಾವೇರಿ ನಮಗೆಲ್ಲ ತಾಯಿಯೇ, ಮಾವನ ಆಸೆಯ ಹಿಂದಿನ ಪ್ರೀತಿ ಅರ್ಥವಾಗುತ್ತದೆ. ಆದರೂ ಅವರು ಬದುಕಿರುವಾಗಲೇ ಫಾದರ್ ಜೊತೆ ಕೂರಿಸಿ ಮಾತಾಡಿಸಿ, ಸತ್ತ ಮೇಲೆ ಮಕ್ಕಳ ತಲೆಗೆ ಕಟ್ಟಬೇಡಿ.

ಪ್ರಶ್ನೆ: ನಾನು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು, ಯಜಮಾನರು ಕಥೋಲಿಕರು. ಕೊನೆಗಾಲದಲ್ಲಿ ಅವರ ಫಾದರ್ ನನಗೂ ತೈಲಲೇಪನ ಮಾಡುತ್ತಾರೆಯೇ? (ಮಡಿಕೇರಿ)

ಉತ್ತರ: ಮೊದಲು ನಿಮ್ಮ ಪಾಸ್ಟರ್. ಮನೆಯಲ್ಲೇ ಪ್ರಭು ಭೋಜನ, ರೋಗಿಗಾಗಿ ಪ್ರಾರ್ಥನೆ ನಿಮ್ಮ ಸಭೆಯಲ್ಲೂ ಇದೆ. ಮರಣದ ಅಪಾಯದಲ್ಲಿ ಪಾಸ್ಟರ್ ಸಿಗದೆ, ನೀವಾಗಿಯೇ ಕೇಳಿ, ಆ ಸಂಸ್ಕಾರದ ಬಗ್ಗೆ ಕಥೋಲಿಕ ವಿಶ್ವಾಸ ನಿಮಗಿದ್ದು, ಮನಸ್ಸು ತಕ್ಕಂತೆ ಸಿದ್ಧವಾಗಿದ್ದರೆ ಫಾದರ್ ಕೊಡಬಹುದು. ‘ನೀವಾಗಿಯೇ’ ಎಂಬುದು ಮುಖ್ಯ, ಯಜಮಾನರು ನಿಮ್ಮ ಪರವಾಗಿ ಕೇಳಿದರೆ ಸಾಲದು.

ಪ್ರಶ್ನೆ: ಮಕ್ಕಳು ಗಲ್ಫ್‌ನಿಂದ ಬರುವ ತನಕ ಇಟ್ಟು ಭಾನುವಾರ ಶವಸಂಸ್ಕಾರ ಮಾಡುತ್ತೇವೆ ಎಂದರೆ ಬಲಿಪೂಜೆ (ಮಾಸ್) ಇಲ್ಲ ಎಂದರು. ಯಾಕೆ? (ವಿರಾಜಪೇಟೆ)

ಉತ್ತರ: ಆಗಮನ ಕಾಲ (ಕ್ರಿಸ್ಮಸ್‌ಗೆ ಮುಂಚಿನ ವಾರಗಳು), ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ವಾರಗಳು), ಪಾಸ್ಕಕಾಲದ ಭಾನುವಾರಗಳಲ್ಲಿ, ಕಡ್ಡಾಯ ಮಹೋತ್ಸವಗಳಂದು, ಪವಿತ್ರ ಗುರುವಾರದಿಂದ ಪಾಸ್ಕದವರೆಗೆ ಮೃತರ ಬಲಿಪೂಜೆ ಇರುವುದಿಲ್ಲ. ವಾಚನ, ಪ್ರಾರ್ಥನೆಯೊಂದಿಗೆ ಮಣ್ಣು ಮಾಡಬಹುದು, ಪೂಜೆಯನ್ನು ಬೇರೆ ದಿನ ಇಡಬಹುದು. ಟಿಕೆಟ್ ಬುಕ್ ಮಾಡುವ ಮೊದಲು ಫಾದರ್‌ಗೆ ಫೋನ್ ಮಾಡಿದರೆ ಈ ಪೇಚು ತಪ್ಪುತ್ತದೆ. ಮಳೆಗಾಲವಾದರೆ ಫ್ರೀಜರ್ ಪೆಟ್ಟಿಗೆಗೆ ಜನರೇಟರ್ ಬೇಕೇ ಬೇಕು. ಗುಂಡಿಯನ್ನು ಹಿಂದಿನ ದಿನವೇ ತೋಡಿಟ್ಟರೆ ನೀರು ತುಂಬುತ್ತದೆ, ಅಂಚು ಕುಸಿಯುತ್ತದೆ. ಅದೇ ದಿನ ಬೆಳಿಗ್ಗೆ ತೋಡಿಸಿ, ಮೇಲೆ ಟಾರ್ಪಾಲು ಕಟ್ಟಿಸಿ, ಸುತ್ತ ಸಣ್ಣ ಚರಂಡಿ ಎಳೆಸಿ. ಮರಣದ ನೋಂದಣಿ 21 ದಿನದೊಳಗೆ ಆಗಬೇಕು.

ನವೆಂಬರ್ 1ರಿಂದ 8ರವರೆಗೆ ಸಿಮೆಟ್ರಿಗೆ ಹೋಗಿ ಮೃತರಿಗಾಗಿ ಪ್ರಾರ್ಥಿಸಿದರೆ ದಿನಕ್ಕೊಂದರಂತೆ ಅವರಿಗಾಗಿ ಪೂರ್ಣ ದಂಡವಿಮೋಚನೆ ಪಡೆಯಬಹುದು. ಅದಕ್ಕೆ ಪಾಪನಿವೇದನೆ, ಪರಮಪ್ರಸಾದ, ಜಗದ್ಗುರುಗಳ (ಪೋಪರ) ಉದ್ದೇಶಕ್ಕಾಗಿ ಪ್ರಾರ್ಥನೆ, ಪಾಪದ ಮೇಲಿನ ಮೋಹವನ್ನು ಬಿಟ್ಟ ಮನಸ್ಸು ಬೇಕು. ಒಂದು ಪಾಪನಿವೇದನೆ ಹಲವು ದಿನಗಳಿಗೆ ಸಾಕಾಗುತ್ತದೆ, ಪರಮಪ್ರಸಾದವೂ ಪ್ರಾರ್ಥನೆಯೂ ಪ್ರತಿ ಸಲಕ್ಕೆ ಬೇರೆ. ಸಮಾಧಿಯ ಕಳೆ ಕೀಳುವ ಕೆಲಸವನ್ನು ಅಕ್ಟೋಬರ್ ಕೊನೆಗೇ ಮುಗಿಸಿ. ನವೆಂಬರ್ 2, ಮೃತರ ಸ್ಮರಣೆಯ ದಿನ, ಕತ್ತಿ ಹಿಡಿದು ಬಂದವರಿಗೆ ಪ್ರಾರ್ಥನೆಗೆ ಬಿಡುವಿರುವುದಿಲ್ಲ.